ಯಜಮಾನರ ಫೋನಿನ ಸುಕ್ಕು

ಗೆರೆರಾಯ ಆ ಬೆಳಿಗ್ಗೆ ಬಾಯಿ ಮುಚ್ಚಿಕೊಂಡಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮುಚ್ಚಿಕೊಂಡಿರಿ ಎಂದು ಅವನ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿಯೇ ಕಳಿಸಿದ್ದಳು. "ಇವತ್ತೊಂದು ದಿನ ಯಾರು ಏನು ಕೇಳಿದ್ರೂ ಹೂಂ ಅನ್ನಿ. ಕುರ್ಚಿ ಸಿಕ್ಕಿದ ಮೇಲೆ ನಿಮ್ಮ ಬುದ್ಧಿವಂತಿಕೆ ಎಷ್ಟು ಬೇಕಾದ್ರೂ ತೋರಿಸ್ಕೊಳ್ಳಿ," ಎಂದಿದ್ದಳು. ಅವನು ಅದಕ್ಕೂ ಹೂಂ ಅಂದಿದ್ದ.

ಗೆರೆರಾಯ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಸ್ಟೀಮ್ ಪ್ರೆಸ್ಸಿನ ಮುಂದೆ ನಿಂತೂ ನಿಂತೂ ಸಂಪಾದಿಸಿದ ಬಿರುದು. ಅವನು ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆ ಸೊಂಟದಿಂದ ಹೊರಟರೆ ಅತ್ತಿತ್ತ ನೋಡದೆ ಪಾದದವರೆಗೆ ಇಳಿಯುತ್ತಿತ್ತು. ಬೇಕಾದ ಕಡೆ ಗೆರೆ ಇರಬೇಕು, ಬೇಡದ ಕಡೆ ಸುಕ್ಕು ಇರಕೂಡದು. ಅವನ ಬಾಳಿನ ತತ್ವವೆಲ್ಲ ಇಷ್ಟರಲ್ಲೇ ಮುಗಿಯುತ್ತಿತ್ತು. ಬಸ್ಸಿನಲ್ಲಿ ಮುಂದೆ ನಿಂತವರ ಅಂಗಿಯ ಬೆನ್ನು ಮುದುಡಿದ್ದರೆ ತನಗೇ ಗೊತ್ತಿಲ್ಲದೆ ಅಂಗೈಯಿಂದ ಸವರಿಬಿಡುತ್ತಿದ್ದ. ಅದಕ್ಕಾಗಿ ಹಲವು ಸಲ ಬೈಸಿಕೊಂಡಿದ್ದ, ಒಮ್ಮೆ ತನ್ನ ನಿಲ್ದಾಣಕ್ಕಿಂತ ಬಹಳ ಮುಂಚೆಯೇ ಇಳಿದೂ ಇದ್ದ.

ಇನ್ನು ಕುರ್ಚಿಯ ವಿಷಯ. ಯಜಮಾನರು ಪಕ್ಕದ ಬೀದಿಯಲ್ಲಿ ಇನ್ನೊಂದು ಅಂಗಡಿ ತೆರೆಯುವವರಿದ್ದರು. ಅಲ್ಲಿ ಹೊಸ ಕೌಂಟರು, ಕೌಂಟರಿನ ಹಿಂದೆ ಗಿರಕಿ ಹೊಡೆಯುವ ಕುರ್ಚಿ, ಕುರ್ಚಿಯ ನೆತ್ತಿಯ ಮೇಲೆ ಫ್ಯಾನು. ಬಂದ ಬಟ್ಟೆಗೆ ರಸೀದಿ ಹರಿದುಕೊಟ್ಟು, ಹೋಗುವ ಬಟ್ಟೆಯನ್ನು ನಗುನಗುತ್ತಾ ಕೊಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಯಾರನ್ನು ಅಲ್ಲಿ ಕೂರಿಸುವುದೆಂದು ಆ ಸಂಜೆ ಹೇಳುತ್ತೇವೆಂದು ಯಜಮಾನರು ಮಾತು ಕೊಟ್ಟಿದ್ದರು. ಹೇಳುವವರು ಯಜಮಾನರಾದರೂ ತೀರ್ಮಾನಿಸುವವರು ಅವರ ಹೆಂಡತಿ, ಎಲ್ಲರೂ ಅಮ್ಮಾವ್ರು ಎನ್ನುತ್ತಿದ್ದ ಹೆಂಗಸು. ಆ ಕುರ್ಚಿಗಾಗಿ ಗೆರೆರಾಯನ ಮೊಣಕಾಲುಗಳು ಎಷ್ಟೋ ವರ್ಷದಿಂದ ಅರ್ಜಿ ಹಾಕಿಕೊಂಡು ಕೂತಿದ್ದವು. ಕೂತಿದ್ದವು ಎಂದರೆ ತಪ್ಪಾದೀತು. ನಿಂತಿದ್ದವು.

ಅಂಗಡಿಗೆ ಬಂದರೆ ಎಲ್ಲರೂ ಕೌಂಟರಿನ ಸುತ್ತ ನೆರೆದಿದ್ದರು. ನಡುವೆ ಯಜಮಾನರು. ಅವರ ಕೈಯಲ್ಲಿ ಹೊಸ ಫೋನು.

ಮುಚ್ಚಿದ್ದಾಗ ಅದು ಸಣ್ಣ ಕನ್ನಡಿಯ ಡಬ್ಬಿಯ ಹಾಗಿತ್ತು. ಯಜಮಾನರು ಹೆಬ್ಬೆರಳಿನಿಂದ ತಳ್ಳಿದರೆ ಮೆಲ್ಲಗೆ ಬಿಚ್ಚಿಕೊಂಡು ಅಂಗೈಗಿಂತ ಅಗಲವಾಗುತ್ತಿತ್ತು. ಗಾಜು ಗಾಜಿನ ಹಾಗೇ ಹೊಳೆಯುತ್ತಿತ್ತು, ಬಟ್ಟೆಯ ಹಾಗೆ ಮಡಚಿಕೊಳ್ಳುತ್ತಿತ್ತು. ಯಜಮಾನರು ಬಿಚ್ಚಿದರು, ಮಡಚಿದರು, ಮತ್ತೆ ಬಿಚ್ಚಿದರು. ಮುಖದಲ್ಲಿ ಹಾಲು ಕುಡಿದ ಬೆಕ್ಕಿನ ಸಂತೋಷ.

"ನೋಡ್ರಪ್ಪಾ, ನಮ್ಮ ಮನೆಯವರು ಇದನ್ನ ಬರೀ ಷೋಕಿ ಅಂತಾರೆ. ಗಿಮಿಕ್ ಅಂತೆ. ದೊಡ್ಡ ಮನುಷ್ಯರಿಗೆ ಆಟಿಕೆ ಅಂತೆ. ನಾನು ಉಪಯೋಗ ಅಂತೀನಿ. ಸಂಜೆ ಅವರು ಇಲ್ಲಿಗೇ ಬರ್ತಾರೆ. ಅಷ್ಟರಲ್ಲಿ ನೀವೆಲ್ಲ ಏನಂತೀರೋ ಹೇಳಿ. ಸಂಕೋಚ ಬೇಡ."

ಯಜಮಾನರು ಸಂಕೋಚ ಬೇಡ ಎಂದರೆ ಹೊಗಳಿ ಎಂದರ್ಥ. ಇದು ಕಲೆ ತೆಗೆಯುವ ಸ್ಪಿರಿಟ್ ಮಾವನಿಗೆ ಗೊತ್ತಿಲ್ಲದ್ದಲ್ಲ. ಆ ಮನುಷ್ಯ ಜನ್ಮದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಆದರೆ ದಿನವಿಡೀ ಕಲೆಗಳ ಮೇಲೆ ಸ್ಪಿರಿಟ್ ಉಜ್ಜುತ್ತಿದ್ದುದರಿಂದ ಅವನು ಹತ್ತಿರ ಬಂದರೆ ಗಿರಾಕಿಗಳು ಮೂಗು ಮುಚ್ಚಿಕೊಳ್ಳುತ್ತಿದ್ದರು. ಕುರ್ಚಿಯ ಮೇಲೆ ಅವನಿಗೂ ಕಣ್ಣಿತ್ತು.

"ಯಜಮಾನ್ರೇ, ಇದು ಫೋನಾ? ಮುಚ್ಚಿದ್ರೆ ಜೇಬಿನ ಮಟ್ಟ, ಬಿಚ್ಚಿದ್ರೆ ಸಿನಿಮಾ ಪರದೆ! ಇದನ್ನ ಕಂಡುಹಿಡಿದವನ ಕಾಲು ತೊಳೀಬೇಕು," ಎಂದ ಮಾವ.

"ಮಡಚೋದು, ಬಿಚ್ಚೋದು, ಮಡಚೋದು, ಬಿಚ್ಚೋದು," ಎಂದಳು ಗುಂಡಿಯಕ್ಕ. ಉದುರಿದ ಗುಂಡಿ ಹೊಲಿಯುವುದು, ಬಿಚ್ಚಿದ ಹೊಲಿಗೆ ಹಾಕುವುದು ಅವಳ ಕೆಲಸ. ಬಾಯಲ್ಲಿ ಸದಾ ಸೂಜಿ ಕಚ್ಚಿಕೊಂಡಿರುತ್ತಿದ್ದುದರಿಂದ ಅವಳು ಮಾತಾಡುವುದು ಅಪರೂಪ. "ಬೆಳಿಗ್ಗೆಯಿಂದ ಸಂಜೆ ತನಕ ಇಲ್ಲಿ ಬಟ್ಟೆ ಜೊತೆ ಅದೇ ಮಾಡ್ತೀವಿ. ಇನ್ನು ಫೋನಿನ ಜೊತೇನೂ ಅದೇ ಮಾಡ್ಬೇಕಾ?" ಎಂದು ಹೇಳಿ ಸೂಜಿಯನ್ನು ಮತ್ತೆ ಕಚ್ಚಿಕೊಂಡಳು.

ಯಜಮಾನರು ಅದನ್ನು ಕೇಳಿಸಿಕೊಳ್ಳಲಿಲ್ಲ. "ನೀನು ಹೇಳೋ ರಾಯ," ಎಂದು ಫೋನನ್ನು ಗೆರೆರಾಯನ ಕೈಗೇ ಇಟ್ಟರು.

ಹೂಂ ಅಂದಿದ್ದರೆ ಸಾಕಿತ್ತು. ಆದರೆ ಕೈಗೆ ಬಂದ ವಸ್ತುವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡುವುದು ಅವನ ಕೈಗಂಟಿದ ಅಭ್ಯಾಸ. ಪ್ಯಾಂಟನ್ನು ನೋಡುವ ಹಾಗೆ ಫೋನನ್ನು ಓರೆ ಹಿಡಿದ. ಹುಬ್ಬು ಗಂಟಿಕ್ಕಿತು.

"ಯಜಮಾನ್ರೇ, ನಟ್ಟನಡುವೆ ಒಂದು ಸುಕ್ಕಿದೆ."

ಸ್ಪಿರಿಟ್ ಮಾವ ಕಣ್ಣಲ್ಲೇ ನಕ್ಕ. ಯಜಮಾನರು ಫೋನು ಕಿತ್ತುಕೊಂಡು ನೇರ ನೋಡಿದರು, ಏನೂ ಕಾಣಲಿಲ್ಲ. ಓರೆ ಹಿಡಿದರು. ಕಂಡಿತು. ಮಡಚುವ ಜಾಗದಲ್ಲಿ, ಮೇಲಿನಿಂದ ಕೆಳಗೆ, ಕೂದಲೆಳೆಯಂಥ ಒಂದು ತಗ್ಗು.

ಒಮ್ಮೆ ಕಂಡ ಸುಕ್ಕು ಮತ್ತೆ ಕಾಣದೇ ಇರುತ್ತದೆಯೇ? ಯಜಮಾನರು ಲೆಕ್ಕ ಬರೆಯುತ್ತಾ ಬರೆಯುತ್ತಾ ಫೋನು ಓರೆ ಮಾಡಿ ನೋಡಿದರು. ಗಿರಾಕಿಯ ಜೊತೆ ಮಾತಾಡುತ್ತಾ ಬೆರಳಿನಿಂದ ಸವರಿ ನೋಡಿದರು. ಕೊನೆಗೆ ತಡೆಯಲಾರದೆ ಫೋನು ಕೊಂಡ ಅಂಗಡಿಗೇ ಫೋನು ಮಾಡಿದರು. ಆ ಕಡೆಯಿಂದ ಒಬ್ಬ ಸವಿಮಾತಿನ ಹುಡುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಅದು ಸಹಜ ಸಾರ್. ಮಡಚೋ ಫೋನಿಗೆಲ್ಲ ಅದು ಇದ್ದೇ ಇರುತ್ತೆ. ಸ್ವಲ್ಪ ದಿನ ಆದ್ಮೇಲೆ ನಿಮಗೆ ಕಾಣೋದೇ ಇಲ್ಲ."

ಗೆರೆರಾಯನಿಗೆ ಮೈ ಉರಿಯಿತು. ಸಹಜವಂತೆ! ಕಾಣೋದಿಲ್ಲವಂತೆ! ಕೆಲಸ ಬಾರದ ಇಸ್ತ್ರಿಯವರು ಗಿರಾಕಿಗೆ ಹೇಳುವ ಮಾತೇ ಇದು. ಬಾಯಿ ಮತ್ತೆ ತಾನಾಗಿ ತೆರೆದುಕೊಂಡಿತು.

"ಯಜಮಾನ್ರೇ, ತೆಗೆಯೋಕೆ ಬಾರದವರು ಸಹಜ ಅಂತಾರೆ. ಈ ಕೈಗೆ ಬಗ್ಗದ ಸುಕ್ಕು ಇನ್ನೂ ಹುಟ್ಟಿಲ್ಲ."

ಹೇಳಿದ ಮೇಲೆ ತಾನು ಏನು ಹೇಳಿದೆ ಎಂಬುದು ಅವನ ಕಿವಿಗೆ ತಲುಪಿತು. ಅಷ್ಟು ಹೊತ್ತಿಗೆ ತಡವಾಗಿತ್ತು. ಮುಳುಗುತ್ತಿದ್ದವರಿಗೆ ಹಗ್ಗ ಸಿಕ್ಕಂತೆ ಯಜಮಾನರು ಅವನ ಎರಡೂ ಕೈ ಹಿಡಿದುಕೊಂಡರು.

"ತೆಗೀತೀಯೇನೋ? ನಿಜ? ನೋಡು, ಅವಳು ಬಂದ ಕೂಡಲೇ ಮೊದಲು ಹುಡುಕೋದೇ ಕೊಂಕು. ಈ ಸುಕ್ಕು ಕಂಡಳೋ, ನಾನು ಸಾಯೋ ತನಕ ಅದನ್ನೇ ಹೇಳ್ತಾಳೆ. ಸಂಜೆಯೊಳಗೆ ಇದನ್ನ ಹೋಗಿಸಿಬಿಡು. ಕುರ್ಚಿ ನಿಂದೇ ಅಂತ ಅವಳ ಹತ್ರ ನಾನೇ ವಾದ ಮಾಡ್ತೀನಿ."

ಗೆರೆರಾಯ ಫೋನನ್ನು ಎರಡೂ ಅಂಗೈಯಲ್ಲಿ ಹೊತ್ತುಕೊಂಡು ಹಿಂದಿನ ಕೋಣೆಗೆ ನಡೆದ. ಎದೆಯಲ್ಲಿ ಅರ್ಧ ಹೆಮ್ಮೆ, ಅರ್ಧ ನಡುಕ. ಅವನದೇ ಹಳೇ ಫೋನು ಜೇಬಿನಲ್ಲಿ ಕೂಗಿತು.

"ಹೂಂ ಅಂತಿದ್ದೀರಾ?" ಎಂದಳು ಹೆಂಡತಿ.

"ಹೂಂ."

"ಏನೂ ಬಾಯಿ ಬಿಟ್ಟಿಲ್ಲ ತಾನೆ?"

"ಹೂಂ."

"ಎದುರು ಮನೆಯವರಿಗೆ ಹೇಳಿಬಿಟ್ಟೆ ಕಣ್ರೀ, ನಾಳೆಯಿಂದ ನಮ್ಮವರು ಕೂತ್ಕೊಂಡು ಕೆಲಸ ಮಾಡ್ತಾರೆ ಅಂತ. ನಮ್ಮಣ್ಣನಿಗೂ ಹೇಳಿದೆ. ಮಾನ ಕಳೀಬೇಡಿ."

ಈಗ ನಡುಕ ಅರ್ಧಕ್ಕಿಂತ ಹೆಚ್ಚಾಯಿತು.

ಸುದ್ದಿ ತಿಳಿದ ಸ್ಪಿರಿಟ್ ಮಾವ ಬಾಟಲಿ ಹಿಡಿದುಕೊಂಡು ಹಿಂದೆಯೇ ಬಂದ. "ರಾಯಾ, ಒಂದೇ ಒಂದು ತೊಟ್ಟು ಹಾಕೋಣ. ಶಾಯಿ ಹೋಗಿದೆ, ಗ್ರೀಸು ಹೋಗಿದೆ, ಲಿಪ್‌ಸ್ಟಿಕ್ ಹೋಗಿದೆ. ಸುಕ್ಕು ಹೋಗಲ್ವಾ?"

"ಮಾವ, ಇದು ಕಲೆಯಲ್ಲ. ನಿನ್ನ ಸ್ಪಿರಿಟ್ ಹಾಕಿದ್ರೆ ಸುಕ್ಕಿನ ಜೊತೆ ಯಜಮಾನರ ಹೆಂಡತಿ ಮಕ್ಕಳ ಫೋಟೋನೂ ಹೋಗುತ್ತೆ."

"ಒಳ್ಳೇದಕ್ಕೆ ಹೇಳಿದೆ. ಕೆಟ್ಟರೆ ನನ್ನ ಮೇಲೆ ಹಾಕ್ಬೇಡ," ಎಂದು ಮಾವ ಹೋದ. ಹೋಗುವಾಗ, ಕೆಡಲಿ ಎಂಬ ಆಸೆ ಅವನ ನಡಿಗೆಯಲ್ಲೇ ಕಾಣುತ್ತಿತ್ತು.

ಗೆರೆರಾಯ ಮೊದಲು ಅಂಗೈಯಿಂದ ಒತ್ತಿದ. ಸುಕ್ಕು ಒತ್ತಿದಾಗ ಮಲಗಿತು, ಬಿಟ್ಟಾಗ ಎದ್ದಿತು. ಹಬೆಯಾಡುವ ನೀರಿನ ಪಾತ್ರೆಯ ಮೇಲೆ ದೂರದಿಂದ ಹಿಡಿದ. ಪರದೆ ಬೆವರಿತು, ಅವನೂ ಬೆವರಿದ, ಸುಕ್ಕು ಮಾತ್ರ ಬೆವರಲಿಲ್ಲ. ದಪ್ಪ ಉಣ್ಣೆ ಕೋಟಿನ ತೋಳಿನಲ್ಲಿ ಸುತ್ತಿ ತಾನೇ ಮೇಲೆ ಕೂತು ನೋಡೋಣವೇ ಎಂದು ಒಂದು ಕ್ಷಣ ಯೋಚಿಸಿ, ತನ್ನ ತೂಕವನ್ನು ನೆನೆದು ಸುಮ್ಮನಾದ. ಕೊನೆಗೆ ಅವನಿಗೆ ಹೊಳೆದದ್ದು ಪ್ರೆಸ್ಸೇ.

ಸ್ಟೀಮ್ ಪ್ರೆಸ್ಸು ಎಂದರೆ ಸೊಂಟದೆತ್ತರದ ಒಂದು ಮೇಜು. ಅದಕ್ಕೆ ಕಂಬಳಿ ಹೊದಿಸಿದ ಹಾಸು, ಮೇಲೊಂದು ಭಾರದ ಮುಚ್ಚಳ. ಕೆಳಗೆ ಎರಡು ಪೆಡಲು. ಒಂದನ್ನು ತುಳಿದರೆ ಆವಿ ಬುಸ್ಸೆಂದು ನುಗ್ಗುತ್ತದೆ, ಇನ್ನೊಂದನ್ನು ತುಳಿದರೆ ಹಾಸು ಗಾಳಿ ಹೀರಿಕೊಂಡು ಬಟ್ಟೆಯನ್ನು ತಣ್ಣಗೆ ಮಾಡುತ್ತದೆ. ಇಡೀ ಅಂಗಡಿಯಲ್ಲಿ ಅದಕ್ಕಿಂತ ಸಪಾಟಾದ ಜಾಗವಿಲ್ಲ. ಆವಿ ಬೇಡವೇ ಬೇಡ, ಮುಚ್ಚಳದ ಭಾರವೊಂದೇ ಸಾಕು ಎಂದುಕೊಂಡ ಗೆರೆರಾಯ. ಫೋನನ್ನು ಪೂರ್ತಿ ಬಿಚ್ಚಿ ಹಾಸಿನ ಮೇಲೆ ಮಲಗಿಸಿದ. ಮೇಲೆ ತೆಳುವಾದ ಹತ್ತಿ ಬಟ್ಟೆ, ಅದರ ಮೇಲೆ ಕಂಬಳಿ ತುಂಡು, ಅದರ ಮೇಲೆ ಇನ್ನೊಂದು ಹತ್ತಿ ಬಟ್ಟೆ. ಕೂಸಿಗೆ ಹೊದಿಸಿದ ಹಾಗೆ ಅಂಚುಗಳನ್ನೆಲ್ಲ ಒಳಗೆ ಸೇರಿಸಿ ಮುಚ್ಚಳವನ್ನು ಮೆಲ್ಲಗೆ ಇಳಿಸಿದ.

ಅಷ್ಟರಲ್ಲಿ ಮುಂದಿನಿಂದ ಯಜಮಾನರ ಕೂಗು: "ರಾಯಾ, ಬೇಗ ಬಾರೋ! ನಿನ್ನ ಹೆಸರು ಕೆಡ್ತಾ ಇದೆ!"

ಹೆಸರು ಕೆಡುತ್ತದೆ ಎಂದರೆ ಗೆರೆರಾಯ ನಿಂತಲ್ಲಿ ನಿಲ್ಲುವವನಲ್ಲ. ಕೌಂಟರಿನಲ್ಲಿ ಒಬ್ಬ ಬ್ಯಾಂಕಿನ ಅಧಿಕಾರಿ ಪ್ಯಾಂಟನ್ನು ಬಾವುಟದಂತೆ ಎತ್ತಿ ಹಿಡಿದು ನಿಂತಿದ್ದ. "ಒಂದೇ ಕಾಲಿಗೆ ಎರಡು ಗೆರೆ! ನಾನು ರೈಲು ಹಳಿ ಉಟ್ಕೊಂಡು ಆಫೀಸಿಗೆ ಹೋಗ್ಲಾ?"

ಗೆರೆರಾಯ ಪ್ಯಾಂಟನ್ನು ಬೆಳಕಿಗೆ ಹಿಡಿದ. ಒಂದು ಗೆರೆ ತನ್ನದು, ತನ್ನ ಸಹಿಯಷ್ಟೇ ಗುರುತು ಸಿಗುವಂಥದ್ದು. ಅದರ ಪಕ್ಕದಲ್ಲಿ ಇನ್ನೊಂದು, ಕುಡಿದವನ ಹಾಗೆ ತೂರಾಡುತ್ತಾ ಇಳಿದಿತ್ತು.

"ಸ್ವಾಮೀ, ಈ ಎರಡನೇದು ನಮ್ಮದಲ್ಲ. ಮನೇಲಿ ಯಾರೋ ಮೇಲೆ ಇಸ್ತ್ರಿ ಎಳೆದಿದ್ದಾರೆ."

"ಮನೇಲಿ ಯಾರು ಎಳೀತಾರೆ? ಇರೋದು ನಾನೊಬ್ಬನೇ!" ಎಂದು ಅಬ್ಬರಿಸಿದ ಅಧಿಕಾರಿ, ತನ್ನ ಮಾತು ತನ್ನ ಕೊರಳಿಗೇ ಬಂದದ್ದು ತಿಳಿದು, ಪ್ಯಾಂಟು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟುಹೋದ. ಯಜಮಾನರು ಗೆರೆರಾಯನ ಬೆನ್ನು ತಟ್ಟಿದರು. ಅವನು ಉಬ್ಬಿದ. ಉಬ್ಬಿದ ಎದೆಯಿಂದಲೇ ಹಿಂದಕ್ಕೆ ತಿರುಗಿದ.

ಆಗ ಒಳಗಿನಿಂದ ಕೇಳಿತು: ಬುಸ್ಸ್!

ಆ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಬಟ್ಟೆ ರಾಶಿ ಬಿದ್ದ ದಿನಗಳಲ್ಲಿ ಹೊತ್ತು ಉಳಿಯಲೆಂದು ಗೆರೆರಾಯನೇ ಮಾಡಿದ್ದು. ಪ್ರೆಸ್ಸಿನ ಮುಚ್ಚಳ ಇಳಿದಿರುವುದು ಕಂಡರೆ, ಅದರ ಪಕ್ಕ ಹಾದುಹೋಗುವವರು ಯಾರೇ ಆಗಲಿ, ಆವಿಯ ಪೆಡಲನ್ನು ಒಮ್ಮೆ ತುಳಿದು ಹೋಗಬೇಕು. ಮರೆತವರಿಗೆ ಅವನ ಬಾಯಿಂದ ಪೂಜೆಯಾಗುತ್ತಿತ್ತು. ಹೀಗಾಗಿ ಕೈತುಂಬ ಕೋಟು ಹೊತ್ತುಕೊಂಡು ಬಂದ ಗುಂಡಿಯಕ್ಕ ಮುಚ್ಚಳ ಇಳಿದದ್ದನ್ನು ನೋಡಿ, ಕಾಲು ಚಾಚಿ ತುಳಿದಿದ್ದಳು. ಅಷ್ಟೇ ಅಲ್ಲ, ನೆನಪಿಟ್ಟುಕೊಂಡು ಮಾಡಿದೆನಲ್ಲ ಎಂಬ ಸಮಾಧಾನದಲ್ಲಿ ಚೆನ್ನಾಗಿಯೇ ತುಳಿದಿದ್ದಳು.

ಗೆರೆರಾಯ ಬಾಗಿಲಿಗೆ ಓಡಿ ಬಂದ. ಹಬೆಯ ಮೋಡದ ನಡುವೆ ನುಗ್ಗಿ ಮುಚ್ಚಳ ಎತ್ತಿದ. ಹತ್ತಿ ಬಟ್ಟೆ ಬಿಸಿ, ಕಂಬಳಿ ಬಿಸಿ, ಕೆಳಗೆ ಫೋನು ಕಪ್ಪಗೆ, ಕಣ್ಣು ಮುಚ್ಚಿ ಮಲಗಿತ್ತು.

"ಅಕ್ಕಾ! ಏನ್ ಮಾಡ್ಬಿಟ್ಟೆ ಅಕ್ಕಾ!"

"ತುಳಿದೆ. ನೀನೇ ತಾನೆ ಹೇಳಿದ್ದು?"

"ಒಳಗೆ ಯಜಮಾನರ ಫೋನಿತ್ತು!"

ಗುಂಡಿಯಕ್ಕನ ಬಾಯಿಂದ ಸೂಜಿ ಜಾರಿ ಬಿದ್ದಿತು. ಅವಳು ಕೋಟುಗಳ ರಾಶಿಯ ಮೇಲೆಯೇ ಕುಸಿದಳು. "ಫೋನನ್ನ ಇಸ್ತ್ರಿಗೆ ಹಾಕ್ತಾರಾ ಯಾರಾದ್ರೂ? ನನ್ನ ಕೆಲಸ ಹೋಯ್ತು. ಮಾಡಿದ್ದು ನಾನೇ ಅಂತ ಹೋಗಿ ಹೇಳಿಬಿಡ್ತೀನಿ ರಾಯಣ್ಣ, ನೀನು ನಡುವೆ ಸಿಕ್ಕಿಕೊಳ್ಳೋದು ಬೇಡ."

ಗೆರೆರಾಯನ ಕೈಕಾಲು ತಣ್ಣಗಾಗಿದ್ದವು. ತಣ್ಣಗಾಗಬೇಕಾದದ್ದು ಫೋನು ಎಂದು ನೆನಪಾಯಿತು. ಎರಡನೇ ಪೆಡಲನ್ನು ತುಳಿದು ಹಿಡಿದ. ಹಾಸು ಸೊರ್ರೆಂದು ಗಾಳಿ ಹೀರಿತು. ತುಳಿದುಕೊಂಡೇ ನಿಂತ. ಕುರ್ಚಿ ಹೋಯಿತು, ಕೆಲಸವೂ ಹೋಯಿತು, ಎದುರು ಮನೆಯವರ ಮುಖ ಹೇಗೆ ನೋಡುವುದು, ಹೆಂಡತಿಯ ಅಣ್ಣ ಎಷ್ಟು ದಿನ ನಗುತ್ತಾನೆ, ಎಲ್ಲವೂ ಸಾಲಾಗಿ ಕಣ್ಣ ಮುಂದೆ ಬಂದವು. ದುಃಖ ಉಕ್ಕಿ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಪ್ರೆಸ್ಸಿನ ಮೇಲೆ ತನ್ನ ಕೈಯಲ್ಲಿ ಒಂದು ವಸ್ತು ಕೆಟ್ಟಿತಲ್ಲ ಎಂಬುದೇ ಅವನನ್ನು ಸುಡುತ್ತಿತ್ತು.

ಫೋನು ತಣ್ಣಗಾಯಿತು. ಬೆರಳಿನಿಂದ ಪಕ್ಕದ ಗುಂಡಿ ಒತ್ತಿದ. ಏನೂ ಇಲ್ಲ. ಇನ್ನೊಮ್ಮೆ ಒತ್ತಿ ಹಿಡಿದ. ಪರದೆಯ ಮೇಲೆ ಬೆಳಕು ಮೂಡಿತು. ಯಜಮಾನರ ಇಡೀ ಸಂಸಾರ ಹಲ್ಲು ಕಿರಿದು ನಕ್ಕಿತು.

"ಜೀವ ಇದೆ ಅಕ್ಕಾ! ಜೀವ ಇದೆ!"

ಆಮೇಲೆ, ಅಭ್ಯಾಸಬಲದಿಂದ, ಬೆಳಕಿಗೆ ಓರೆ ಹಿಡಿದ. ಹಿಡಿದವನು ಹಾಗೇ ನಿಂತ. ಈ ಕಡೆ ತಿರುಗಿಸಿದ, ಆ ಕಡೆ ತಿರುಗಿಸಿದ. ಕಿಟಕಿಯ ಹತ್ತಿರ ಓಡಿ ನೋಡಿದ. ಪರದೆ ಕೊಳದ ನೀರಿನ ಹಾಗೆ ಸಪಾಟಾಗಿ ಮಲಗಿತ್ತು. ಸುಕ್ಕಿನ ಸುಳಿವೂ ಇರಲಿಲ್ಲ.

ಗುಂಡಿಯಕ್ಕನೂ ನೋಡಿದಳು, ಬೆರಳಿಂದ ಸವರಿದಳು. "ಹೋಗಿದೆ ಕಣೋ!" ಎಂದಳು. ಇಬ್ಬರೂ ಕೈ ಹಿಡಿದುಕೊಂಡು ಮಕ್ಕಳ ಹಾಗೆ ಒಂದು ಸುತ್ತು ಕುಣಿದೇಬಿಟ್ಟರು. ಗೆರೆರಾಯನಿಗೆ ಅಷ್ಟು ಸಂತೋಷ ತನ್ನ ಮದುವೆಯ ದಿನವೂ ಆಗಿರಲಿಲ್ಲ. ಫೋನಿನ ಅಂಗಡಿಯವರು ಸಹಜ ಎಂದು ಕೈಚೆಲ್ಲಿದ್ದನ್ನು ಈ ಪ್ರೆಸ್ಸು ಒಂದು ಉಸಿರಿನಲ್ಲಿ ಹೋಗಿಸಿತ್ತು.

"ಇನ್ನು ಮಡಚಿ ಕೊಟ್ಬಿಡು," ಎಂದಳು ಅಕ್ಕ.

ಗೆರೆರಾಯ ಮಡಚಿದ. ಮಡಚಿಕೊಳ್ಳಲಿಲ್ಲ. ಸ್ವಲ್ಪ ಜೋರು ಮಾಡಿದ. ಗಂಜಿ ಹೆಚ್ಚಾದ ಕಾಲರಿನ ಹಾಗೆ ಸೆಟೆದು ನಿಂತಿತ್ತು. ಒಳಗಿನ ಕೀಲು ಬಿಸಿಗೆ ಅಂಟಿಕೊಂಡಿತೋ ಏನೋ, ಸುಕ್ಕಿನ ಜೊತೆ ಮಡಚುವ ಗುಣವೂ ಹೊರಟುಹೋಗಿತ್ತು. ಮಡಚುವ ಫೋನು ಬರೀ ಫೋನಾಗಿತ್ತು.

"ರಾಯಣ್ಣಾ, ಹೋಗಿ ಹೇಳಿಬಿಡ್ಲಾ, ತುಳಿದಿದ್ದು ನಾನು ಅಂತ?" ಎಂದಳು ಅಕ್ಕ, ಮತ್ತೆ ಮುಖ ಸಪ್ಪೆ ಮಾಡಿಕೊಂಡು.

ಗೆರೆರಾಯ ಉತ್ತರ ಕೊಡುವ ಮೊದಲೇ ಮುಂದಿನ ಬಾಗಿಲಲ್ಲಿ ಅಮ್ಮಾವ್ರ ದನಿ ಕೇಳಿತು. ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದಿದ್ದರು. ಬೇರೆಯವರು ತಯಾರಾಗುವ ಮೊದಲೇ ಬರುವುದು ಅವರ ಪದ್ಧತಿ.

"ಎಲ್ಲಿ, ತೋರಿಸಿ ನಿಮ್ಮ ಆಟಿಕೆ," ಎನ್ನುತ್ತಿದ್ದರು ಅಮ್ಮಾವ್ರು. ಯಜಮಾನರು ಹಿಂದಿನ ಕೋಣೆಯ ಕಡೆ ಅಂಗಲಾಚುವ ಕಣ್ಣು ಹಾಯಿಸಿದರು. ಗೆರೆರಾಯ ಫೋನನ್ನು ಹತ್ತಿ ಬಟ್ಟೆಯ ಮೇಲೆ ಇಟ್ಟುಕೊಂಡು ಬಂದ. ಸ್ಪಿರಿಟ್ ಮಾವ ಕೈಕಟ್ಟಿ ಗೋಡೆಗೊರಗಿ ನಿಂತ, ತಮಾಷೆ ನೋಡುವವನಂತೆ.

ಯಜಮಾನರು ಮೊದಲು ಓರೆ ಹಿಡಿದು ನೋಡಿದರು. ಸುಕ್ಕಿಲ್ಲ. ಮುಖ ಅರಳಿತು. ಗೆರೆರಾಯನನ್ನು ತಬ್ಬಿಕೊಳ್ಳುವಷ್ಟು ಅರಳಿತು. "ನೋಡೇ, ನೋಡು! ಒಂದು ಕೊಂಕು ಹುಡುಕು ನೋಡೋಣ! ಇದನ್ನ ಹೀಗೆ ಮಡಚಿದ್ರೆ..." ಎಂದು ಮಡಚಲು ಹೋದರು. ಹೋದವರು ಇನ್ನಷ್ಟು ಒತ್ತಿದರು. ಅರಳಿದ ಮುಖ ಮೆಲ್ಲಮೆಲ್ಲಗೆ ಬಾಡಿತು.

"ಏನು, ಮಡಚಲ್ವಾ? ಮಡಚೋ ಫೋನು ಮಡಚಲ್ವಾ?" ಎಂದರು ಅಮ್ಮಾವ್ರು.

ಆ ಗಳಿಗೆಯಲ್ಲಿ ಗೆರೆರಾಯನಿಗೆ ಎಲ್ಲಿಂದ ಧೈರ್ಯ ಬಂತೋ. ಕುರ್ಚಿ ಕಣ್ಣ ಮುಂದೆ ಗಿರ್ರನೆ ಸುತ್ತುತ್ತಿತ್ತು. ಒಂದು ಹೆಜ್ಜೆ ಮುಂದೆ ಬಂದ.

"ಅಮ್ಮಾವ್ರೇ, ಮಡಚಿದ್ದಕ್ಕೇ ಅಲ್ವಾ ಸುಕ್ಕು ಬಂದಿದ್ದು? ಮಡಚೋ ತನಕ ಬರ್ತಾನೇ ಇರುತ್ತೆ. ಅದಕ್ಕೆ ನಾನು ಬುಡಕ್ಕೇ ಮದ್ದು ಹಾಕಿದ್ದೀನಿ. ಇದು ಶಾಶ್ವತ ಇಸ್ತ್ರಿ."

ಅಮ್ಮಾವ್ರು ಫೋನನ್ನು ಕೈಗೆ ತೆಗೆದುಕೊಂಡರು. ಅವರಿಗೆ ಹತ್ತಿರದ ಅಕ್ಷರ ಕಾಣುತ್ತಿರಲಿಲ್ಲ. ಕನ್ನಡಕ ಹಾಕಿದರೆ ವಯಸ್ಸಾಯಿತೆಂದು ಜನ ಅಂದುಕೊಂಡಾರೆಂಬ ಭಯ ಬೇರೆ. ಅಷ್ಟಗಲದ ಪರದೆಯ ಮೇಲೆ ಬೆರಳಾಡಿಸಿದರು. ಅಕ್ಷರ ಹಿಗ್ಗಿದವು. ತಂಗಿ ಮನೆಮಂದಿಯ ಗುಂಪಿಗೆ ಕಳಿಸಿದ್ದ ಸಂದೇಶವನ್ನು ಓದಿದರು, ಎರಡನೆಯದನ್ನೂ ಓದಿದರು. ಕಣ್ಣು ಕಿರಿದಾಗಲಿಲ್ಲ, ಕೈ ದೂರ ಹೋಗಲಿಲ್ಲ. ಅವರು ತಲೆಯೆತ್ತಿದಾಗ ಮುಖದಲ್ಲಿ ನಗುವಿತ್ತು. ಅಂಗಡಿಯಲ್ಲಿ ಅದನ್ನು ಕಂಡವರು ಕಡಿಮೆ.

"ಎಷ್ಟು ಚೆನ್ನಾಗಿದೆ! ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಮಡಚೋದು ಷೋಕಿ. ಆದ್ರೆ ಇಷ್ಟು ಅಗಲ ಇರೋದು ಉಪಯೋಗ. ಇದು ನನಗಿರಲಿ," ಎಂದು ಫೋನನ್ನು ಕೈಚೀಲದೊಳಗೆ ಇಳಿಸಿಕೊಂಡರು.

"ನೋಡಿದ್ರಾ, ಉಪಯೋಗ ಅಂದಳು! ಎಲ್ಲರೂ ಕೇಳಿಸ್ಕೊಂಡ್ರಲ್ಲ?" ಎಂದು ಯಜಮಾನರು ಕುಣಿದಾಡಿದರು. ಮದುವೆಯಾದಂದಿನಿಂದ ಅವರು ಗೆದ್ದ ಮೊದಲ ವಾದವಿದು. ಆ ಖುಷಿಯಲ್ಲಿ ಫೋನು ಕೈಬಿಟ್ಟುಹೋದದ್ದೂ ಅವರಿಗೆ ತಿಳಿಯಲಿಲ್ಲ.

"ನಿಜವಾಗ್ಲೂ ಇದನ್ನ ಹೀಗೆ ಮಾಡಿದ್ದು ನೀನೇನಾ?" ಎಂದು ಗೆರೆರಾಯನನ್ನು ಕೇಳಿದರು ಅಮ್ಮಾವ್ರು.

ಅವನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಗುಂಡಿಯಕ್ಕ ಮುಂದೆ ಬಂದಳು. "ಅಮ್ಮಾವ್ರೇ, ಅದು..." ಎಂದಳು.

ಗೆರೆರಾಯ ಅವಳಿಗೆ ಕಣ್ಣು ಬಿಟ್ಟು ಸುಮ್ಮನಿರಿಸಿದ. "ನಾನೇ ಅಮ್ಮಾವ್ರೇ! ನಾನೊಬ್ಬನೇ. ಬೇರೆ ಯಾರೂ ಪ್ರೆಸ್ಸಿನ ಹತ್ರಾನೂ ಸುಳಿದಿಲ್ಲ. ಅಕ್ಕ ಅಲ್ಲಿ ಗುಂಡಿ ಹೊಲೀತಾ ಇದ್ದಳು ಅಷ್ಟೆ. ಮೇಲೆ ಹತ್ತಿ ಬಟ್ಟೆ, ಅದರ ಮೇಲೆ ಕಂಬಳಿ, ಆವಿ ಎಷ್ಟು ಬಿಡಬೇಕು ಅನ್ನೋದು ಈ ಕಾಲಿಗೆ ಗೊತ್ತು. ಕೂದಲೆಳೆಯಷ್ಟು ಹೆಚ್ಚಾಗಿದ್ರೂ ಸುಟ್ಟುಹೋಗ್ತಿತ್ತು, ಕಡಿಮೆಯಾಗಿದ್ರೂ ಸುಕ್ಕು ಉಳೀತಿತ್ತು. ಸಾವಿರ ಜನರಲ್ಲಿ ಒಬ್ಬನಿಗೆ ಬರೋ ಕೆಲಸ ಇದು."

ಚಪ್ಪಾಳೆ ಶುರು ಮಾಡಿದವರು ಯಜಮಾನರು. ಹಿಂದೆಯೇ ಎಲ್ಲರೂ ತಟ್ಟಿದರು. ಬಟ್ಟೆ ತೆಗೆದುಕೊಳ್ಳಲು ಬಂದಿದ್ದ ಗಿರಾಕಿಗಳೂ ಏನೆಂದು ತಿಳಿಯದೆಯೇ ತಟ್ಟಿದರು. ಸ್ಪಿರಿಟ್ ಮಾವನಿಗೂ ಒರಗಿದ ಗೋಡೆ ಬಿಟ್ಟು ಬಂದು ತಟ್ಟದೆ ವಿಧಿಯಿರಲಿಲ್ಲ. ಗೆರೆರಾಯ ಆಕಾಶಕ್ಕೆ ಮೂರೇ ಗೇಣು ಎಂಬಂತೆ ನಿಂತಿದ್ದ.

ಯಜಮಾನರು ಕೊಟ್ಟ ಮಾತು ಉಳಿಸಿಕೊಳ್ಳುವ ಮನುಷ್ಯರು. "ಹೊಸ ಅಂಗಡಿ ಕುರ್ಚಿಗೆ ಇವನೇ ಸರಿ ಅಂತ ನನ್ನ ಅಭಿಪ್ರಾಯ," ಎಂದರು.

ಅಮ್ಮಾವ್ರು ಗಂಡನನ್ನು ದಿಗಿಲಿನಿಂದ ನೋಡಿದರು. "ಬುದ್ಧಿ ಇದೆಯಾ ನಿಮಗೆ? ಸಾವಿರಕ್ಕೊಂದು ಇರೋ ಕೈ ಇದು, ಕಾಲು ಇದು. ಇದನ್ನ ತಗೊಂಡೋಗಿ ಕುರ್ಚಿ ಮೇಲೆ ಕೂರಿಸಿ ರಸೀದಿ ಹರಿಸೋದಾ? ಬೇರೆಯವರು ಮುಟ್ಟಿದ್ರೆ ಸುಟ್ಟುಹೋಗುತ್ತೆ ಅಂತ ಅವನೇ ಹೇಳ್ತಿದ್ದಾನೆ! ಬೆಳಿಗ್ಗೆ ಈ ಅಂಗಡಿ ಪ್ರೆಸ್ಸು, ಮಧ್ಯಾಹ್ನದ ಮೇಲೆ ಆ ಅಂಗಡಿ ಪ್ರೆಸ್ಸು. ಎರಡಕ್ಕೂ ಇವನೇ ಇರಲಿ." ಆಮೇಲೆ ಸುತ್ತ ನೋಡಿದರು. "ಕುರ್ಚಿಗೆ ಏನಂತೆ, ಯಾರಾದ್ರೂ ಸಾಕು. ಪ್ರೆಸ್ಸಿಗೆ ಉಪಯೋಗವಿಲ್ಲದವರು, ಕಡಿಮೆ ಮಾತಾಡೋರು. ಗುಂಡಿಯಕ್ಕಾ, ನೀನು ಕೂತ್ಕೊ."

ಗೆರೆರಾಯ ಅಮ್ಮಾವ್ರ ಮುಂದೆ ಅಡ್ಡ ಬಂದು ನಿಂತ. "ಅಮ್ಮಾವ್ರೇ, ಒಂದು ನಿಮಿಷ. ನಿಜ ಹೇಳ್ಬೇಕು ಅಂದ್ರೆ, ಪೆಡಲು ತುಳಿದಿದ್ದು ನಾನಲ್ಲ. ಅಕ್ಕ! ನಾನಾಗ ಮುಂದೆ ಕೌಂಟರಲ್ಲಿದ್ದೆ. ಯಜಮಾನ್ರೇ, ನೀವೇ ಕರೆದ್ರಲ್ಲ! ಸುಕ್ಕು ಹೋಗಿದ್ದು ಅವಳ ಕಾಲಿಂದ. ನನಗೇನೂ ಬರಲ್ಲ, ದೇವರಾಣೆ!"

ಅಮ್ಮಾವ್ರ ಕಣ್ಣು ತೇವವಾದವು.

"ನೋಡ್ರೀ, ಎಂಥ ಗುಣ! ಇಷ್ಟು ದೊಡ್ಡ ಕೆಲಸ ಮಾಡಿ, ಬಡ ಹೆಂಗಸಿನ ಹೆಸರು ಮುಂದೆ ಬರಲಿ ಅಂತ ತನ್ನ ಹೆಸರನ್ನೇ ಬಿಟ್ಟುಕೊಡ್ತಿದ್ದಾನೆ. ಇಂಥವರನ್ನ ನಾನು ಎಲ್ಲೂ ನೋಡಿಲ್ಲ."

ಚಪ್ಪಾಳೆ ಮೊದಲಿಗಿಂತ ಜೋರಾಗಿ ಬಿತ್ತು.

"ಅಕ್ಕಾ, ಹೇಳು ಅಕ್ಕಾ!" ಎಂದು ಗೆರೆರಾಯ ಗೋಗರೆದ.

ಗುಂಡಿಯಕ್ಕ ಅವನನ್ನು ನೋಡಿದಳು, ಅಮ್ಮಾವ್ರನ್ನು ನೋಡಿದಳು. ಅವಳಿಗೂ ಕಾಲುಗಳಿದ್ದವು, ಅವೂ ನೋಯುತ್ತಿದ್ದವು. "ಅಯ್ಯೋ, ನಾನ್ಯಾಕೆ ಪ್ರೆಸ್ಸು ಮುಟ್ಟಲಿ ರಾಯಣ್ಣ? ನೀನೇ ಈಗ ಹೇಳಿದೆಯಲ್ಲ, ನಾನು ಗುಂಡಿ ಹೊಲೀತಿದ್ದೆ ಅಂತ," ಎಂದು, ಅಪರೂಪಕ್ಕೆ, ಸೂಜಿಯಿಲ್ಲದ ಬಾಯಿಂದ ಹಲ್ಲು ಕಾಣುವ ಹಾಗೆ ನಕ್ಕಳು.

ಅಮ್ಮಾವ್ರು ಹೊಸ ಅಂಗಡಿಯ ಬೀಗದ ಕೈಯನ್ನು ಅವಳಿಗೆ ಕೊಟ್ಟರು. ಯಜಮಾನರು ಗೆರೆರಾಯನನ್ನು ಮೂಲೆಗೆ ಕರೆದು ಭುಜದ ಮೇಲೆ ಕೈಯಿಟ್ಟು ಪಿಸುಗುಟ್ಟಿದರು: "ನಾಳೆ ಇನ್ನೊಂದು ಅಂಥದ್ದೇ ಫೋನು ತರ್ತೀನಿ ಕಣೋ. ಅದರದ್ದೂ ಸುಕ್ಕು ತೆಗೆದುಕೊಡು. ಆದ್ರೆ ಅದು ಮಡಚ್ಬೇಕು. ನಿನಗೇನು, ಆವಿ ಒಂದು ಕೂದಲೆಳೆ ಕಡಿಮೆ ಬಿಟ್ರಾಯ್ತು."

ಗೆರೆರಾಯ ಹೂಂ ಅಂದ.

ಹಿಂದಿನ ಕೋಣೆಗೆ ಬಂದರೆ ಬಾಕಿ ಬಿದ್ದ ಪ್ಯಾಂಟುಗಳ ರಾಶಿ ಅವನಿಗಾಗಿ ಕಾಯುತ್ತಿತ್ತು. ಮುಂದಿನ ಕೋಣೆಯಲ್ಲಿ ಇನ್ನೂ ಅವನ ಹೊಗಳಿಕೆ ನಡೆದಿತ್ತು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಕೂಗಿತು.

"ಏನಾಯ್ತು? ಬೇಗ ಹೇಳಿ, ಎದುರು ಮನೆಯವರು ಇಲ್ಲೇ ಇದ್ದಾರೆ," ಎಂದಳು ಹೆಂಡತಿ.

"ಗೆದ್ದೆ ಕಣೇ," ಎಂದ ಗೆರೆರಾಯ. ಸುಳ್ಳೇನೂ ಅಲ್ಲವಲ್ಲ. "ಎಲ್ಲರೂ ಚಪ್ಪಾಳೆ ತಟ್ಟಿದ್ರು, ಎರಡು ಸಲ. ನನ್ನಂಥವರನ್ನ ಎಲ್ಲೂ ನೋಡಿಲ್ಲ ಅಂದ್ರು ಅಮ್ಮಾವ್ರು. ಎರಡೂ ಅಂಗಡಿಗೆ ನಾನೇ ಬೇಕಂತೆ."

"ಎರಡೂ ಅಂಗಡಿಗಾ! ನನ್ನ ಬಂಗಾರ! ತಡೀರಿ, ಇವರಿಗೂ ಕೇಳೋ ಹಾಗೆ ಸ್ಪೀಕರಿಗೆ ಹಾಕ್ತೀನಿ. ಹಾಂ, ಈಗ ಆರಾಮಾಗಿ ಕೂತ್ಕೊಂಡು ಮೊದಲಿಂದ ಹೇಳಿ ನೋಡೋಣ."

ಗೆರೆರಾಯ ಕೋಣೆಯಲ್ಲಿ ಸುತ್ತಲೂ ಒಮ್ಮೆ ನೋಡಿದ. ಆಮೇಲೆ ಪ್ರೆಸ್ಸಿಗೆ ಒಂದು ಪ್ಯಾಂಟು ಹಾಸಿ, ಪೆಡಲಿನ ಮೇಲೆ ಕಾಲಿಟ್ಟು, ನಿಂತುಕೊಂಡೇ ಮೊದಲಿಂದ ಹೇಳತೊಡಗಿದ.